ಎದೆಗಳ್ಳಿ

ನಮ್ಮ ಊರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನೀರು ಬರುತ್ತದೆ. ಕೆರೆಯ ಕಡೆಯಿಂದ, ಸದ್ದಿಲ್ಲದೆ, ಒಂದೊಂದೇ ಓಣಿಗೆ. ಆ ಹೊತ್ತಿಗೆ ಹೆಂಗಸರು ಒಲೆ ಆರಿಸಿ, ಹಿಟ್ಟಿನ ಡಬ್ಬಿಗಳನ್ನು ಮಾಳಿಗೆಗೆ ಏರಿಸಿ, ಎಮ್ಮೆಗಳನ್ನು ದಿಬ್ಬಕ್ಕೆ ಹೊಡೆದು, ಬಡಿತ ಎಣಿಸುವ ಎದೆಪಟ್ಟಿಯನ್ನು ನೀರಲ್ಲಿ ನೆನೆಸಿ ಕಟ್ಟಿಕೊಂಡಿರುತ್ತಾರೆ. ನೆನೆಸದೆ ಕಟ್ಟಿದರೆ ಪಟ್ಟಿಗೆ ಎದೆ ಕೇಳಿಸುವುದಿಲ್ಲ. ನೀರು ಕುತ್ತಿಗೆಯ ಮಟ್ಟಕ್ಕೆ ನಿಂತ ಮೇಲೆ ಓಣಿಯವರೆಲ್ಲ ಇಳಿಯಬೇಕು. ಈಜಬೇಕು, ಕುಣಿಯಬೇಕು, ನಿಂತಲ್ಲೇ ಓಡಬೇಕು. ಏನಾದರೂ ಮಾಡಿ ಎದೆ ಬಡಿಸಬೇಕು. ಎಲ್ಲರ ಬಡಿತ ಸೇರಿದಷ್ಟೂ ಓಣಿಯ ತುದಿಯ ಕಂಬದಲ್ಲಿ ದೀಪಗಳು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತವೆ. ತುದಿಯ ದೀಪ ಹತ್ತಿದರೆ ನೀರು ಹೊರಡುತ್ತದೆ. ನೀರಲ್ಲಿ ಯಾರೂ ಇಲ್ಲದಿದ್ದರೆ, ಇದ್ದವರೂ ಸುಮ್ಮನೆ ನಿಂತರೆ, ಹತ್ತಿದ ದೀಪಗಳೂ ಆರುತ್ತವೆ. ಕತ್ತಲಾಗುವುದರೊಳಗೆ ಹೊರಡದ ನೀರು ಮತ್ತೆಂದೂ ಹೊರಡುವುದಿಲ್ಲ. ಹೂಗಾರರ ಓಣಿ ಹಾಗೆಯೇ ಹೋಯಿತು. ಈಗ ಅಲ್ಲಿ ಮಾಳಿಗೆಗಳ ಮೇಲೆ ಕೊಕ್ಕರೆಗಳು ಕೂತಿರುತ್ತವೆ.

ನಾನು ಈ ಊರಿಗೆ ಮದುವೆಯಾಗಿ ಬಂದವಳು. ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಸ್ಯಶಾಸ್ತ್ರ. ಗಿಡಗಳಿಗೆ ಎದೆಯಿಲ್ಲ. ಬಂದ ಮೊದಲ ದಿನ ಕಟ್ಟೆಯ ಮೇಲೆ ಕೂತ ಹೆಂಗಸರು "ಎಷ್ಟು?" ಎಂದು ಕೇಳಿದರು. ವಯಸ್ಸು ಕೇಳುತ್ತಿದ್ದಾರೆಂದು "ಇಪ್ಪತ್ತಾರು" ಎಂದೆ. ಅವರು ಹೌಹಾರಿ ಎದ್ದು, ನನ್ನನ್ನು ಹಿಡಿದು ಮಲಗಿಸಿ, ಸೆರಗಿನಿಂದ ಗಾಳಿ ಹಾಕಿದರು. ಇಲ್ಲಿ "ಎಷ್ಟು?" ಎಂದರೆ ಎದೆ ಎಷ್ಟು ಬಡಿಯುತ್ತದೆ ಎಂದೇ ಅರ್ಥ. ಅಂದು ನಕ್ಕವರಲ್ಲಿ ಬಸವಂತನೇ ಮೊದಲು. ನನ್ನ ಗಂಡ.

ಬಸವಂತನ ಎದೆ ಓಣಿಗೆಲ್ಲ ಜೋರು. ಅವನು ಧುಮುಕಿದರೆ ಕಂಬದ ದೀಪಗಳು ಓಡಿಕೊಂಡು ಏರುತ್ತಿದ್ದವು. ಮಾಳಿಗೆಯ ಮೇಲಿನ ಮುದುಕರು ತಾಟು ಬಡಿದು ಅವನ ನಂಬರು ಕೂಗುತ್ತಿದ್ದರು. ನೂರಾ ಎಪ್ಪತ್ತು. ನೂರಾ ಎಂಬತ್ತು. ಒಂದು ದಿನ ಅವನು ಶಾಲೆಯ ಗೋಡೆಯ ಹತ್ತಿರ ಈಜುತ್ತಿದ್ದಾಗ ನೂರಾ ತೊಂಬತ್ತೆರಡು ಎಂದು ಕೂಗಿದರು. ಆಮೇಲೆ ಕೂಗಲು ಏನೂ ಇರಲಿಲ್ಲ. ತಾಟು ಬಡಿಯುವುದು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಡೆದಿತ್ತು.

ಅದಾದ ಮೇಲೆ ಓಣಿಯ ಹಿರಿಯರಾದ ಗುರುಸಿದ್ದ ಕಾಕಾ ಒಂದು ಕಟ್ಟಳೆ ತಂದರು. ಎದೆಪಟ್ಟಿಯಲ್ಲಿ ನಂಬರು ಕಾಣುವ ಪುಟ್ಟ ಕಿಟಕಿ ಇದೆ. ಎದೆ ಹದದಲ್ಲಿದ್ದರೆ ಅದು ಹಸಿರು, ಮೀರಿದರೆ ಕೆಂಪು. ಕೆಂಪು ಕಂಡವರು ಯಾರೇ ಆಗಲಿ ಮೇಲೆ ಹತ್ತಬೇಕು, ಹಸಿರಾಗುವವರೆಗೆ ಇಳಿಯುವಂತಿಲ್ಲ. ಕಾಕಾ ಇದನ್ನು ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅಂದು ನೀರಲ್ಲಿದ್ದೇ ಅವನ ನಂಬರು ಕೂಗಿದವರಲ್ಲಿ ಅವರೂ ಇದ್ದರು.

ನಾನು ಅಳಲಿಲ್ಲ. ಅಳು ಬರಲೆಂದು ಜನ ಕಾದರು, ನಾನೂ ಕಾದೆ. ಬರಲಿಲ್ಲ. ಸೂತಕ ಕಳೆದ ಮೇಲೆ ಪಟ್ಟಿ ಕಟ್ಟಿಕೊಂಡು ಮತ್ತೆ ನೀರಿಗೆ ಇಳಿದೆ. ಉಳಿದವರು ನಾಲ್ಕು ಸಲ ಕುಣಿದರೆ ನೂರಾ ನಲವತ್ತು ದಾಟುತ್ತಿತ್ತು. ನನ್ನದು ನೂರಾ ಮೂವತ್ತಕ್ಕೆ ನಿಂತಿತು. ಕೆಲವು ವಾರಗಳಲ್ಲಿ ಅದಕ್ಕೂ ಕೆಳಗೆ ಹೋಯಿತು. ಕೆಲಸ ಕದಿಯುವವರಿಗೆ ಬೇರೆ ಊರುಗಳಲ್ಲಿ ಮೈಗಳ್ಳರು ಎನ್ನುವಂತೆ ಇಲ್ಲಿ ಎದೆಗಳ್ಳರು ಎನ್ನುತ್ತಾರೆ. ನನ್ನ ಮುಂದೆ ಯಾರೂ ಅನ್ನಲಿಲ್ಲ. ಹಿಂದೆ ಅಂದದ್ದು ನೀರಿನ ಮೇಲೆ ಚೆನ್ನಾಗಿ ಕೇಳಿಸುತ್ತದೆ.

ಕಡಿಮೆ ಬಡಿಯುವ ಎದೆ ಹೆಚ್ಚು ಹೊತ್ತು ಬಡಿಯಬೇಕು. ಇದಕ್ಕೆ ಪದವಿ ಬೇಕಾಗಿಲ್ಲ. ಹಾಗಾಗಿ ನಾನು ಎಲ್ಲರಿಗಿಂತ ಮೊದಲು ಇಳಿದು ಎಲ್ಲರಿಗಿಂತ ಕೊನೆಗೆ ಹತ್ತುತ್ತಿದ್ದೆ. ಹೆಂಗಸರು ಗಿರಣಿಯ ಮುಂದೆ ಗುಂಪಾಗಿ ಕೈ ಮೇಲೆತ್ತಿ ಕುಣಿಯುವಾಗ ನಾನು ಗಿರಣಿಯಿಂದ ಊರ ಬಾಗಿಲಾದ ಅಗಸಿಯವರೆಗೆ ಈಜಿ, ತಿರುಗಿ, ಮತ್ತೆ ಗಿರಣಿಗೆ ಬರುತ್ತಿದ್ದೆ. ಗೋಡೆ ಒದ್ದು ತಿರುಗುವಾಗ ಪಟ್ಟಿ ಸೊಂಟಕ್ಕೆ ಜಾರುತ್ತಿತ್ತು. ಅದನ್ನು ಕುಪ್ಪಸದೊಳಗೆ ಪಿನ್ನು ಹಾಕಿ ನಿಲ್ಲಿಸಲು ಕಲಿತೆ. ನೀರೊಳಗಿಂದ ಪಟ್ಟಿಯ ಮಾತು ಕಂಬಕ್ಕೆ ತಲುಪುವುದಿಲ್ಲ. ಕುಣಿಯುವವರ ಎದೆ ತಾನೇ ಮೇಲೆ ಬರುತ್ತದೆ, ನಾನು ನಡುನಡುವೆ ಎದೆ ಎತ್ತಿ ತೋರಿಸಲು ಕಲಿತೆ. ಬೇರೆ ಏನೂ ಮಾಡುವುದಿರಲಿಲ್ಲ. ಮೊದಲೆಲ್ಲ ಒಂದು ಸುತ್ತಿಗೆ ಏದುಸಿರು ಬರುತ್ತಿತ್ತು. ಆಮೇಲೆ ಎಷ್ಟು ಸುತ್ತು ಹೊಡೆದೆ ಎಂಬುದೇ ನೆನಪಿರುತ್ತಿರಲಿಲ್ಲ. ನಂಬರು ಇಳಿಯುತ್ತಲೇ ಇತ್ತು. ನೂರಾ ಇಪ್ಪತ್ತು, ನೂರಾ ಹದಿನೈದು. ಒಳಗೆ ಏನೋ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದೆ ಎಂದುಕೊಂಡೆ. ಅದರಿಂದ ಭಯವೂ ಆಗಲಿಲ್ಲ.

ಮಾಗಿ ಮುಗಿಯುವ ಹೊತ್ತಿಗೆ ಗುರುಸಿದ್ದ ಕಾಕಾ ಮನೆಗೆ ಬಂದರು. ಅತ್ತೆ ನಿಂಬೆವ್ವ ಕಾಳು ಹಸನು ಮಾಡುತ್ತ ಕೂತಿದ್ದರು. ಅರವತ್ತು ದಾಟಿದವರು ನೀರಿಗೆ ಇಳಿಯುವಂತಿಲ್ಲ. ಹಾಗಾಗಿ ಅವರ ಶಕ್ತಿಯೆಲ್ಲ ಬಾಯಿಗೆ ಬಂದಿತ್ತು.

"ತಂಗಿ, ಸಿಟ್ಟಿಗೇಳಬ್ಯಾಡ," ಎಂದರು ಕಾಕಾ. "ಬಡಿಗ್ಯಾರ ಮನಿಯೊಳಗ ಐದು ಎದಿ ಅದಾವು, ಕಾಲು ಚಾಚಾಕ ಜಾಗಿಲ್ಲ. ನಿಮ್ಮನಿಯೊಳಗ ಇಳಿಯೋ ಎದಿ ಒಂದ. ಅದೂ..."

"ಅದೂ ಏನು? ಹೇಳಿಬಿಡ್ರಿ," ಎಂದರು ಅತ್ತೆ, ಮೊರ ಕೆಳಗಿಡದೆ.

"ಅದೂ ಸತ್ತೈತಿ, ನಿಂಬೆವ್ವಾ. ದುಃಖದಾಗ ಸತ್ತೈತಿ. ಅದರಾಗ ತಂಗೀದೇನೂ ತಪ್ಪಿಲ್ಲ. ದಿಬ್ಬದ ಮ್ಯಾಲೆ ಒಂದು ಒಣಾ ಮನಿ ಕೊಡಸ್ತೀನಿ. ಅಲ್ಲಿ ನೀರು ಬರೂದಿಲ್ಲ. ಆರಾಮ ಇರ್ರಿ."

"ದಿಬ್ಬದ ಮ್ಯಾಲೆ ಆರಾಮ ಇರಾಕ ನಾವೇನು ಎಮ್ಮಿ ಏನ್ರಿ?"

ಕಾಕಾ ನಗಲಿಲ್ಲ. ಅವರು ಕೆಟ್ಟವರಲ್ಲ. ಓಣಿಯ ಮನೆಗಳು ಓಣಿಯ ನೀರು ಇಳಿಸುವವರಿಗೆ ಎಂಬುದು ಅವರ ತಾತನ ಕಾಲದಿಂದ ನಡೆದುಬಂದ ಮಾತು. ಪ್ರತಿ ವರ್ಷ ಮಾಗಿ ಮುಗಿದ ಮೇಲಿನ ಅಮಾವಾಸ್ಯೆಗೆ ಮನೆ ಹಂಚಿಕೆ ನಡೆಯುತ್ತದೆ. ಅವರು ನನ್ನ ಕಡೆ ತಿರುಗಿದರು. ನನಗೆ ಆ ದಿನಗಳಲ್ಲಿ ಏನೂ ಬೇಕಾಗಿರಲಿಲ್ಲ. ಊಟವನ್ನೂ ಯಾರಾದರೂ ಮುಂದಿಟ್ಟರೆ ಮಾಡುತ್ತಿದ್ದೆ. ಆದರೆ ಈ ಮನೆ ಬಿಡುವುದು ಬೇಡವಾಗಿತ್ತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಬ್ಯಾಡ್ರಿ ಕಾಕಾ," ಎಂದೆ.

"ಹಂಗಂದ್ರ ಅಮಾಸಿ ಒಳಗ ನಂಬರ್ ಏರಿಸಿ ತೋರಸವಾ. ನೂರಾ ನಲವತ್ತು ಸಾಕು. ಓಣಿಗೆ ನಾ ಹೇಳ್ತೀನಿ."

ಈ ಕೆಲಸಕ್ಕೆ ಎದುರುಮನೆಯ ಮೆಹಬೂಬಿ ತಾನಾಗಿ ಟೊಂಕ ಕಟ್ಟಿದಳು. ಬಟ್ಟೆ ಹೊಲಿಯುವವಳು, ನನಗಿಂತ ಸ್ವಲ್ಪ ದೊಡ್ಡವಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೂ ಮಾತಾಡಬಲ್ಲವಳು. "ಸುಗಲಾ, ಎದಿ ಅಂದ್ರ ಕೋಳಿ ಇದ್ದಂಗ. ಹೆದರಿಸಿದ್ರ ಹಾರತೈತಿ," ಎಂದು ನೀರಲ್ಲಿ ನನ್ನ ಪಕ್ಕ ತೇಲುತ್ತ ದೆವ್ವದ ಕಥೆ ಶುರು ಮಾಡಿದಳು. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳದೇ ಪಟ್ಟಿ ಕೆಂಪಾಗಿ, ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದಳು. ಮರುದಿನ ಕಡ್ಡಿಗೆ ಹಗ್ಗ ಕಟ್ಟಿ ನೀರುಹಾವು ಮಾಡಿ ನನ್ನ ಕಾಲಿನ ಹತ್ತಿರ ಬಿಟ್ಟಳು. ನಾನು ಅದನ್ನು ಎತ್ತಿ ಕೊಟ್ಟೆ. ಬಡಿಗೇರ ಮನೆಯ ದೊಡ್ಡವನ ಕೈಗಡಿಯಾರದಲ್ಲೂ ಎದೆ ಎಣಿಸುವ ವಿದ್ಯೆ ಇತ್ತು. ಅದನ್ನು ಕೇಳಿ ತಂದು ನನ್ನ ಮಣಿಕಟ್ಟಿಗೆ ಕಟ್ಟಿದಳು. ಈಜಿ ಬಂದಾಗ ನೂರಾ ಅರವತ್ತು ತೋರಿಸಿತು! ಅವಳು ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಆಮೇಲೆ ನೋಡಿದರೆ ಗಡಿಯಾರದಡಿಗೆ ನೀರು ಹೊಕ್ಕು, ನನ್ನ ಕೈ ಬೀಸಿದ್ದನ್ನೇ ಅದು ಎದೆ ಎಂದು ಎಣಿಸಿತ್ತು. ಎದೆಪಟ್ಟಿ ನೂರಾ ಹನ್ನೊಂದರಲ್ಲಿ ಇತ್ತು.

"ಅವನ ನೆನಪು ಮಾಡ್ಕೋ," ಎಂದಳು ಮೆಹಬೂಬಿ ಕೊನೆಗೆ, ಮೆಲ್ಲಗೆ. "ಅದಕ್ಕಾರ ಏರೀತು."

ಮಾಡಿಕೊಂಡೆ. ಏರಲಿಲ್ಲ. ಅವನ ನೆನಪು ನನ್ನ ಮೈಯಲ್ಲಿ ಎಲ್ಲೆಲ್ಲೋ ಇತ್ತು, ಪಟ್ಟಿ ಕಟ್ಟುವ ಜಾಗ ಒಂದನ್ನು ಬಿಟ್ಟು.

ಅಮಾವಾಸ್ಯೆಯ ದಿನ ಬಂತು. ಸಂಜೆ ಕಟ್ಟೆಯ ಮೇಲೆ ಹಂಚಿಕೆ. ಅತ್ತೆ ಬೆಳಿಗ್ಗೆಯೇ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟಿದರು. ನೀರು ಎಂದಿಗಿಂತ ಬೇಗ ಬಂತು. ಕುತ್ತಿಗೆಯ ಮಟ್ಟಕ್ಕೆ ನಿಲ್ಲಲಿಲ್ಲ. ಕಿಟಕಿ ಮುಳುಗಿತು, ಬಾಗಿಲ ಚೌಕಟ್ಟು ಮುಳುಗಿತು. ಓಣಿಯಲ್ಲಿ ಯಾರ ಕಾಲಿಗೂ ನೆಲ ಸಿಗದಂತಾಯಿತು.

ನೆಲ ಸಿಗದ ನೀರಲ್ಲಿ ಕುಣಿಯಲಾಗುವುದಿಲ್ಲ. ಗಿರಣಿಯ ಮುಂದಿನ ಗುಂಪು ಕೈಕಾಲು ಬಡಿಯತೊಡಗಿತು. ಹೆದರಿಕೆಗೆ ಎಲ್ಲರ ಎದೆಯೂ ಒಮ್ಮೆಲೇ ಎದ್ದಿತು. ದೀಪಗಳು ಸರಸರ ಏರಿದವು. ಒಂದು ಕ್ಷಣ ಜನ ಖುಷಿಪಟ್ಟರು. ಆಮೇಲೆ ಪಟ್ಟಿಗಳು ಕೆಂಪಾದವು. ಒಂದು, ನಾಲ್ಕು, ಹತ್ತು. ಮಾಳಿಗೆಯಿಂದ ಸೀರೆ ಇಳಿಬಿಟ್ಟು ಒಬ್ಬೊಬ್ಬರನ್ನೇ ಎಳೆದುಕೊಂಡರು. ಬಡಿಗೇರರ ಐದೂ ಎದೆಗಳು ಒಂದರ ಹಿಂದೊಂದು ಹತ್ತಿ ಹೋದವು. ಮೆಹಬೂಬಿ ಹತ್ತಿದಳು. ಕೊನೆಗೆ, ಅರವತ್ತಕ್ಕೆ ಇನ್ನೊಂದು ವರ್ಷವಿದ್ದ ಕಾಕಾ ಹತ್ತಿದರು, ಕೆಮ್ಮುತ್ತ. ಕಂಬ ಅರ್ಧಕ್ಕೆ ನಿಂತಿತು. ಹೊತ್ತು ಇಳಿಯುತ್ತಿತ್ತು.

ನಾನು ಅಗಸಿಯಿಂದ ಹಿಂದಿರುಗುತ್ತಿದ್ದೆ. ನನಗೆ ಇದು ಯಾವುದೂ ತಿಳಿದಿರಲಿಲ್ಲ, ಮುಖ ನೀರೊಳಗಿತ್ತು. ಗಿರಣಿಯ ಹತ್ತಿರ ತಲೆ ಎತ್ತಿದಾಗ ನೀರಿನ ಮೇಲೆ ಯಾರೂ ಇರಲಿಲ್ಲ. ಎರಡೂ ಬದಿಯ ಮಾಳಿಗೆಗಳ ಅಂಚಿನಲ್ಲಿ ಓಣಿ ಪೂರ್ತಿ ನಿಂತು ನನ್ನನ್ನು ನೋಡುತ್ತಿತ್ತು.

"ತಂಗಿ, ಮ್ಯಾಲೆ ಬಾ!" ಎಂದು ಕೂಗಿದರು ಕಾಕಾ. "ಒಬ್ಬಾಕಿ ಇರಬ್ಯಾಡ. ಓಣಿ ಹೋದ್ರ ಹೋಗ್ಲಿ. ಇನ್ನೊಂದು ಹೆಣಾ ಎತ್ತಾಕ ನನ್ನ ಕೈಲಾಗೂದಿಲ್ಲ."

ನಾನು ಎದೆ ಎತ್ತಿ ತೋರಿಸಿದೆ. ಹಸಿರು.

"ಪಟ್ಟಿ ಕೆಟ್ಟೈತಿ," ಎಂದರು ಯಾರೋ. "ಜಾರಿರಬೇಕು," ಎಂದರು ಇನ್ಯಾರೋ. ಮೆಹಬೂಬಿ ಮೆಟ್ಟಿಲಿನಲ್ಲಿ ಬೋರಲು ಮಲಗಿ, ಕೈ ಚಾಚಿ, ನನ್ನ ಕುಪ್ಪಸ ಹಿಡಿದು ಹತ್ತಿರ ಎಳೆದಳು. ಪಟ್ಟಿ ಬಿಗಿಯಾಗಿಯೇ ಇತ್ತು. ಅವಳು ಎರಡು ಬೆರಳನ್ನು ನನ್ನ ಕೊರಳಿಗೆ ಒತ್ತಿ, "ಕಾಕಾ, ನಿಮ್ಮ ಗಡಿಯಾರ ನೋಡ್ರಿ. ಎಣಸ್ತೀನಿ," ಎಂದಳು. ಕಾಕಾ ಗಡಿಯಾರಕ್ಕೆ ಬಗ್ಗಿದರು. ನನಗೂ ನನ್ನ ಎದೆ ಕೇಳಿಸಿತು. ನಿಧಾನಕ್ಕೆ, ದೊಡ್ಡದಾಗಿ, ಖಾಲಿ ಕಣಜದೊಳಗೆ ಯಾರೋ ನಡೆದಾಡಿದ ಹಾಗೆ.

"ನೂರಾ ಎಂಟು," ಎಂದಳು. "ಪಟ್ಟೀನೂ ಅಷ್ಟ ಹೇಳತೈತಿ." ಆಮೇಲೆ ನನ್ನ ಮುಖ ನೋಡಿದಳು. "ಸುಗಲಾ, ಅಗಸಿಯಿಂದ ಈಜಿ ಬಂದೀಯಲ್ಲ, ಉಸಿರು ಹತ್ತಿಲ್ಲೇನ ನಿನಗ?"

"ಇಲ್ಲ."

"ಕಾಲು ಸೋತಿಲ್ಲ?"

"ಇಲ್ಲ."

"ಏ ಕಾಕಾ!" ಅವಳು ಮೆಟ್ಟಿಲ ಮೇಲೆ ಎದ್ದು ನಿಂತು, ಎರಡೂ ಕೈ ಸೊಂಟಕ್ಕೆ ಕೊಟ್ಟು ಕೂಗಿದಳು. "ಇಕೀ ಎದಿ ಸತ್ತಿಲ್ರಿ! ದಣಿಯೋದನ್ನ ಬಿಟ್ಟೈತಿ! ನಾವು ಕಣ್ಣಿದ್ದೂ ಕುರುಡಾಗೀವಿ!"

ತಂಬಿಗೆಯಿಂದ ಹತ್ತು ಸಲ ಸುರಿಯುವ ನೀರನ್ನು ಕೊಡದಿಂದ ಒಂದು ಸಲ ಸುರಿಯಬಹುದು. ಇಷ್ಟೇ ವಿಷಯ. ದಿನ ದಿನವೂ ಈಜಿ ಈಜಿ ನನ್ನ ಎದೆ ತಂಬಿಗೆಯಿಂದ ಕೊಡವಾಗಿತ್ತು. ಜೋರು ಬಡಿತವನ್ನೇ ಎದೆ ಎಂದು ತಿಳಿದ ಊರಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಸಾಯುತ್ತಿದ್ದೇನೆ ಎಂದುಕೊಂಡ ಅಷ್ಟೂ ಕಾಲ ನಾನು ಬೆಳೆಯುತ್ತಿದ್ದೆ.

ಈ ವಿಚಾರ ಮಾಡುತ್ತ ನಿಲ್ಲಲು ಹೊತ್ತಿರಲಿಲ್ಲ. ಕಂಬದಲ್ಲಿ ಒಂದು ದೀಪ ಆರಿತು. ನಾನು ಗೋಡೆ ಒದ್ದು ಹೊರಟೆ.

ನನ್ನೊಬ್ಬಳ ಬಡಿತಕ್ಕೆ ದೀಪ ಹತ್ತುವುದು ತಡ. ಆದರೆ ಆರುವುದು ನಿಂತಿತು. ಅಗಸಿಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ಪ್ರತಿ ಸಲ ಶಾಲೆಯ ಗೋಡೆ ಬಲಕ್ಕೆ ಸಿಗುತ್ತಿತ್ತು. ಬಸವಂತ ಅಲ್ಲಿ ಎಷ್ಟು ಅವಸರದಲ್ಲಿದ್ದ ಎಂದು ಮೊದಲ ಸಲ ಅನಿಸಿತು. ಅವನಿಗೆ ಯಾರೂ ನಿಧಾನ ಎಂದು ಹೇಳಿರಲಿಲ್ಲ. ಅವನ ಹೆಂಡತಿಯೂ ಗಿರಣಿಯ ಮುಂದೆ ಕುಣಿಯುತ್ತ ನಗುತ್ತಿದ್ದಳು. ನನಗೆ ಅವನ ಮೇಲೆ ಸಿಟ್ಟು ಬಂತು. ಒಳ್ಳೆಯ ಬೆಚ್ಚನೆಯ ಸಿಟ್ಟು. ಪಟ್ಟಿ ನೂರಾ ಹದಿನಾರು ತೋರಿಸಿತು.

ಗಿರಣಿಯ ಹತ್ತಿರ ಬಂದಾಗ ಮೆಹಬೂಬಿಯ ಪಟ್ಟಿ ಹಸಿರಾಗಿತ್ತು. ಅವಳು ಧುಮುಕಲು ಸೆರಗು ಬಿಗಿಯುತ್ತಿದ್ದಳು.

"ಧುಮುಕಬ್ಯಾಡ," ಎಂದೆ. "ಮೆಟ್ಟಿಲಿನಿಂದ ಇಳಿ. ಕೈಕಾಲು ಬಡೀಬ್ಯಾಡ. ನನ್ನ ಹಿಂದ ಬಾ. ನಾ ಎಷ್ಟು ಮೆತ್ತಗ ಹೊಕ್ಕೀನೋ ಅಷ್ಟು ಮೆತ್ತಗ."

"ಅಷ್ಟು ಮೆತ್ತಗ ಹೋಗಾಕ ನಾನೇನು ಮದಲಗಿತ್ತಿ ಏನ?"

"ಹೌದು. ಹಂಗ ತಿಳಕೋ."

ಅವಳು ನಕ್ಕು ಬಂದಳು. ಅವಳ ಹಿಂದೆ ಬಡಿಗೇರ ಮನೆಯ ಇಬ್ಬರು ಬಂದರು. ಮುಂದಿನ ಸುತ್ತಿಗೆ ಆರು ಜನ. ಸಾಲಾಗಿ, ಒಬ್ಬರ ಕಾಲಿನ ಹಿಂದೆ ಇನ್ನೊಬ್ಬರ ತಲೆ. ಯಾರದಾದರೂ ಕೆಂಪಿನ ಹತ್ತಿರ ಹೋದರೆ ಹಿಂದಿನವರು "ಮೆತ್ತಗ, ಮೆತ್ತಗ" ಎನ್ನುತ್ತಿದ್ದರು. ಆ ಮಾತು ಸಾಲಿನ ತುದಿಯಿಂದ ನನ್ನವರೆಗೆ ಬಂದಾಗ ನಾನು ಇನ್ನೂ ನಿಧಾನ ಮಾಡುತ್ತಿದ್ದೆ. ಮಾಳಿಗೆಯ ಮೇಲಿನ ಮುದುಕಿಯರೂ ಅದನ್ನೇ ಹಿಡಿದರು. ಜೋರು ಎನ್ನುವುದೊಂದನ್ನೇ ಕೂಗಿ ಗೊತ್ತಿದ್ದ ಓಣಿ ಅಂದು ಒಂದೇ ಬಾಯಿಂದ ಮೆತ್ತಗ ಎಂದು ಕೂಗುತ್ತಿತ್ತು. ಎಲ್ಲರಿಗಿಂತ ದೊಡ್ಡ ದನಿ ನನ್ನ ಅತ್ತೆಯದು.

ದೀಪಗಳು ಓಡಲಿಲ್ಲ. ನಡೆದುಕೊಂಡು ಏರಿದವು. ಕೊಕ್ಕರೆಗಳು ಹೂಗಾರರ ಓಣಿಗೆ ಹಾರಿ ಹೋದವು. ಆಕಾಶ ಕೆಂಪಾಗಿ, ಬೂದಿಯಾಗಿ, ಮನುಷ್ಯರ ಮುಖಗಳು ಮಸುಕಾಗುವ ಹೊತ್ತಿಗೆ ನನ್ನ ಹಿಂದೆ ಓಣಿಯ ಅರ್ಧ ಜನರಿದ್ದರು. ಅಗಸಿಯಿಂದ ತಿರುಗಿದಾಗ ಇಡೀ ಸಾಲು ಹಾವಿನಂತೆ ಬಾಗಿ ನನ್ನ ಪಕ್ಕದಲ್ಲೇ ಎದುರು ದಿಕ್ಕಿಗೆ ಹೋಗುತ್ತಿತ್ತು. ಎಲ್ಲರ ಎದೆಯ ಮೇಲೂ ಹಸಿರು. ನೀರೊಳಗೆ ದೀಪ ಹಚ್ಚಿದಂತೆ ಹಸಿರು. ಕಾಕಾ ಸಾಲಿನ ಕೊನೆಯಲ್ಲಿದ್ದರು, ಬಾಯಿ ಬಿಗಿದುಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ.

ತುದಿಯ ದೀಪ ಹತ್ತಿದ್ದನ್ನು ನಾನು ನೋಡಲಿಲ್ಲ. ಮುಖ ನೀರೊಳಗಿತ್ತು. ಮೊದಲು ಕೂಗು ಕೇಳಿಸಿತು. ಆಮೇಲೆ ನೀರು ನನ್ನನ್ನು ದಾಟಿಕೊಂಡು ಕೆರೆಯ ಕಡೆ ಹೊರಟಿತು, ಸೊಂಟಕ್ಕೆ, ಮೊಣಕಾಲಿಗೆ, ಪಾದಕ್ಕೆ. ಕೆಸರಿನಲ್ಲಿ ನಿಂತೆ. ಜನ ನನ್ನನ್ನು ಎತ್ತಿಕೊಳ್ಳಲು ಬಂದರು. "ಬ್ಯಾಡ, ನಿಂತೀನಿ," ಎಂದೆ. ನಿಂತಿದ್ದೆ. ಅದು ಚೆನ್ನಾಗಿತ್ತು.

ಹಂಚಿಕೆಯನ್ನು ಕಟ್ಟೆ ಒಣಗುವ ಮೊದಲೇ ಮಾಡಿದರು. ಕಾಕಾ ತಲೆ ಒರೆಸಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತರು. ಟವೆಲ್ಲನ್ನು ಹಿಂಡಿದರು, ಮತ್ತೆ ಹಿಂಡಿದರು.

"ನಾ ಏನೇನೋ ಅಂದುಬಿಟ್ಟೆ ತಂಗಿ," ಎಂದರು.

"ಏನೇನೋ ಅಲ್ಲ, ಸತ್ತೈತಿ ಅಂದ್ರಿ," ಎಂದರು ಅತ್ತೆ. "ಸತ್ತದ್ದು ಓಣೀನ ಹೊತ್ತು ತಂತು. ಬದುಕಿದ್ದು ಮಾಳಿಗಿ ಮ್ಯಾಲೆ ಕುಂತು ಕೆಮ್ಮತಿತ್ತು."

ಓಣಿ ನಕ್ಕಿತು. ಕಾಕಾನೂ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಾತಾಡುವುದು ಅವರಿಗೆ ಅಭ್ಯಾಸವಿರಲಿಲ್ಲ. ನನಗೂ ಇರಲಿಲ್ಲ.

"ನಾ ಎಲ್ಲಿಗೂ ಹೋಗೂದಿಲ್ಲ," ಎಂದೆ. "ಮನಿ ನಮ್ಮದು. ಬಡಿಗ್ಯಾರಿಗೆ ಜಾಗ ಬೇಕಂದ್ರ ನಮ್ಮ ಮಾಳಿಗಿ ಮ್ಯಾಲಿನ ಎರಡು ಖೋಲಿ ಖಾಲಿ ಅದಾವು, ಬಂದಿರ್ಲಿ. ಆದ್ರ ಐದೂ ಮಂದಿ ನನ್ನ ಹಿಂದ ಈಜಬೇಕು. ಗಿರಣಿ ಮುಂದ ಕುಣಿಯೋದು ನಡಿಯೂದಿಲ್ಲ."

"ಅವರು ಒಬ್ಬರ?" ಎಂದಳು ಮೆಹಬೂಬಿ. "ಮದಲಗಿತ್ತಿ ಮಾಡಿ ಅರ್ಧಕ್ಕ ಕೈ ಬಿಡ್ತೀಯೇನ?"

ಮರುದಿನ ಬೆಳಿಗ್ಗೆ ಬಡಿಗೇರರು ಪೆಟ್ಟಿಗೆ, ಹಾಸಿಗೆ, ಗರಗಸ ಹೊತ್ತು ನಮ್ಮ ಮೆಟ್ಟಿಲು ಹತ್ತಿದರು. ಮನೆಯಲ್ಲಿ ಸದ್ದೋ ಸದ್ದು. ಅತ್ತೆ ಅವರಿಗೆ ಬೈಯುತ್ತ ಖುಷಿಯಾಗಿದ್ದರು. ನನಗೆ ಹಸಿವಾಗಿತ್ತು. ಎರಡು ರೊಟ್ಟಿ ತಿಂದು, ಮೂರನೆಯದನ್ನು ನಾನೇ ಬುಟ್ಟಿಯಿಂದ ತೆಗೆದುಕೊಂಡೆ. ಅತ್ತೆ ಅದನ್ನು ಕಂಡೂ ಕಾಣದ ಹಾಗೆ ಬುಟ್ಟಿಯನ್ನು ನನ್ನ ಕಡೆ ಸರಿಸಿದರು.

ಊಟವಾದ ಮೇಲೆ ಪಟ್ಟಿ ನೆನೆಸಿ ಕಟ್ಟಿಕೊಂಡು ಹೊಸ್ತಿಲ ಹೊರಗೆ ಬಂದೆ. ಓಣಿಯಲ್ಲಿ ಜನ ಆಗಲೇ ಸಾಲಾಗಿ ನಿಂತಿದ್ದರು. ನೀರು ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ನಾನು ನೀರು ಬಂದಾಗ ಇಳಿಯುತ್ತಿದ್ದೆ, ಅಷ್ಟೆ. ಅಂದು ಕೆರೆಯ ಕಡೆ ಮುಖ ಮಾಡಿ, ಅದು ಬರಲಿ ಎಂದು ಕಾದೆ.